ಹಗಲಲ್ಲಿ ಉರಿಯುತ್ತಿದ್ದ ಗೇಟಿನ ದೀಪ

ಹಿನಕಲ್‌ನ ನಮ್ಮ ಮನೆಯ ಗೇಟಿನ ದೀಪ ಹಾಡಹಗಲೇ ಉರಿಯುತ್ತಿತ್ತು. ಯಾರಾದರೂ ಗೇಟಿನ ಹತ್ತಿರ ಬಂದರೆ ಸಾಕು, ಬಿರುಬಿಸಿಲಿನಲ್ಲೂ ಫಕ್ಕನೆ ಹತ್ತಿಕೊಳ್ಳುತ್ತಿತ್ತು. ಬೀದಿಯವರಿಗೆ ಅದೊಂದು ತಮಾಷೆ. "ಏನ್ರೀ, ನಿಮ್ಮನೆಗೆ ಸೂರ್ಯ ಸಾಲ್ದಾ?" ಎಂದು ಎದುರುಮನೆಯಾಕೆ ಕೇಳಿದಾಗ, "ಸಾಲ್ದು ಕಣ್ರೀ, ಏನಿವಾಗ?" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಂದಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ನಿಜವಾದ ಕಾರಣವನ್ನು ಅಮ್ಮ ಯಾರಿಗೂ ಹೇಳಗೊಡುತ್ತಿರಲಿಲ್ಲ. ಈಗ ಹೇಳಬಹುದು. ಆ ದೀಪ ಉರಿಯುತ್ತಿದ್ದದ್ದು ದೊಡ್ಡಮ್ಮನಿಗಾಗಿ, ಅಂದರೆ ಅಮ್ಮನ ಒಡಹುಟ್ಟಿದ ಅಕ್ಕನಿಗಾಗಿ.

ತೊಂಬತ್ತರ ದಶಕದ ನಡುವಿನವರೆಗೂ ನಾವು ಊರ ನಡುವಿನ ಲಷ್ಕರ್ ಮೊಹಲ್ಲಾದಲ್ಲಿದ್ದೆವು. ದೊಡ್ಡಮ್ಮನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ಅಪ್ಪ ಊರಾಚೆಯ ಹಿನಕಲ್‌ನಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಬಂದ ದೊಡ್ಡಮ್ಮ ಸುತ್ತಲಿನ ಖಾಲಿ ಬಯಲು ನೋಡಿ, "ಇದ್ಯಾವ ಕಾಡಿಗೆ ತಂದಾಕ್ಬುಟ್ರಪ್ಪ ನನ್ ತಂಗೀನ" ಎಂದು ಅತ್ತೇಬಿಟ್ಟರು. ನಿಜವಾಗಿಯೂ ಆಗ ಅದು ಕಾಡಿನಂತೆಯೇ ಇತ್ತು. ಒಬ್ಬಳೇ ಇದ್ದಾಗ ಅಮ್ಮ ಗೇಟಿಗೆ ಒಳಗಿನಿಂದ ಬೀಗ ಹಾಕಿಕೊಂಡಿರುತ್ತಿದ್ದಳು.

ಕೆಲವು ವರ್ಷ ಕಳೆದ ಮೇಲೆ ದೊಡ್ಡಮ್ಮನ ಮಗಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಕರೆಯುವುದೆಂದರೆ ಮನೆಗೆ ಬಂದು, ಹಣೆಗೆ ಕುಂಕುಮವಿಟ್ಟು, ಬಾಯ್ತುಂಬ ಕರೆಯಬೇಕು. ಒಡಹುಟ್ಟಿದವರಾದರೂ ಅಷ್ಟೇ, ಕರೆಯದೆ ಹೋಗುವಂತಿಲ್ಲ. ದೊಡ್ಡಮ್ಮ ಬರಲಿಲ್ಲ. ಮದುವೆಯ ದಿನವೂ ಅಮ್ಮ ರೇಷ್ಮೆ ಸೀರೆ ಮಂಚದ ಮೇಲೆ ಇಟ್ಟುಕೊಂಡು ಕೂತಿದ್ದಳು. ಸಂಜೆ ಅದನ್ನು ಮಡಿಸಿ ಬೀರುವಿನೊಳಗಿಟ್ಟು, "ಊರಿಗೆಲ್ಲ ಕುಂಕುಮ ಕೊಟ್ಲು, ನಂಗೊಂದು ಸಾಲ್ದಾಯ್ತು" ಎಂದಳು. ಅವತ್ತು ಅವಳು ಊಟ ಮಾಡಲಿಲ್ಲ.

ಆಮೇಲೆ ನೆಂಟರೊಬ್ಬರು ಬೇರೆಯದೇ ಸುದ್ದಿ ತಂದರು. "ನಿಮ್ಮಕ್ಕ ಬಂದಿದ್ರಂತಲ್ಲಮ್ಮ. ಗೇಟಿಗೆ ಬೀಗ. ನೀವು ಅಡುಗೆಮನೆ ಕಿಟಕೀಲಿ ಬೆನ್ನು ತಿರುಗ್ಸಿ ನಿಂತಿದ್ರಂತೆ. ಕೂಗಿ ಕೂಗಿ ಸಾಕಾಯ್ತಂತೆ. ನೀವು ಕಿವೀಗೇ ಹಾಕ್ಕೊಳ್ಳಲಿಲ್ವಂತೆ."

"ಸುಳ್ಳು!" ಎಂದು ಅಮ್ಮ ಸಿಡಿದಳು. "ಅವ್ಳು ಕೂಗಿದ್ರೆ ನಾನು ತಿರುಗ್ದೆ ಇರ್ತಿದ್ನಾ? ಕರೀದೇ ಇದ್ದಿದ್ದಕ್ಕೆ ಒಂದು ಕತೆ ಕಟ್ಟವ್ಳೆ."

ಅಲ್ಲಿಗೆ ಮುಗಿಯಿತು. ಊರ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಮುಖ ಗಂಟು ಹಾಕಿಕೊಂಡು ವರ್ಷಗಟ್ಟಲೆ ಉಳಿದರು. ಚಾಮುಂಡಿ ಬೆಟ್ಟದಲ್ಲಿ ಒಮ್ಮೆ ಎದುರಾದಾಗ ಇಬ್ಬರೂ ಸರತಿ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದನ್ನು ನಾನೇ ಕಂಡಿದ್ದೇನೆ.

ಎರಡು ಸಾವಿರದ ಇಸವಿಯ ಈಚೆಗೆ ನಮ್ಮ ಬಡಾವಣೆಯಲ್ಲಿ ಕಳ್ಳತನ ಶುರುವಾಯಿತು. ಹಿಂದಿನ ಬೀದಿಯ ಮನೆಯೊಂದಕ್ಕೆ ನುಗ್ಗಿ ಪಾತ್ರೆ ಪಡಗ ಬಳಿದುಕೊಂಡು ಹೋದರು. ಅಪ್ಪ ಹೆದರಿ ಹೊಸ ಸಾಮಾನೊಂದನ್ನು ತಂದರು. ಗೇಟಿನ ಮೇಲೆ ಒಂದು ಸೆನ್ಸರ್. ಯಾರಾದರೂ ಅದರೆದುರು ಅಲುಗಾಡಿದರೆ ಕತ್ತಲಲ್ಲಿ ದೀಪ ಹತ್ತುತ್ತದೆ. ಅದರ ಜೊತೆಗೆ ಅಡುಗೆಮನೆಯ ಗೋಡೆಗೆ ಒಂದು ಸೈರನ್. ಮನೆಗೆ ಬೀಗ ಹಾಕಿಕೊಂಡು ಹೋಗುವಾಗ ಅದರ ಸ್ವಿಚ್ ಹಾಕಿದರೆ, ಹಗಲಿರಲಿ ರಾತ್ರಿಯಿರಲಿ, ಯಾರೇ ಬಂದರೂ ಬಡಿದುಕೊಳ್ಳುತ್ತದೆ. "ಹಿನಕಲ್‌ಗೆಲ್ಲ ಕೇಳ್ಸತ್ತೆ ಸಾರ್" ಎಂದು ಹೇಳಿ ಎಲೆಕ್ಟ್ರಿಷಿಯನ್ ಹೊರಟ.

ಅವನು ಹೇಳಿದ್ದು ನಿಜವೇ. ಒಂದು ಮಧ್ಯಾಹ್ನ ಅಪ್ಪ ಸ್ವಿಚ್ಚನ್ನು ಪರೀಕ್ಷಿಸಿ, ಆರಿಸುವುದನ್ನು ಮರೆತು ಅಂಗಡಿಗೆ ಹೋದರು. ಯಾರದೋ ಹಸು ಗೇಟಿನ ಸಂದಿಯಿಂದ ಕತ್ತು ತೂರಿಸಿ ದಾಸವಾಳಕ್ಕೆ ಬಾಯಿ ಹಾಕಿತು. ನಾನು ಕಾಲೇಜಿನಿಂದ ಬಂದು ಬಸ್ಸಿಳಿದಾಗಲೇ ಸದ್ದು ಕೇಳಿತು. ಓಡಿಬಂದೆ. ಬೀದಿಯವರೆಲ್ಲ ಗೇಟಿನ ಮುಂದೆ ನಿಂತಿದ್ದರು. ಕೆಲವರು ಕೈಯಲ್ಲಿ ದೊಣ್ಣೆ ಹಿಡಿದಿದ್ದರು. ಅಪ್ಪ ಗೇಟಿನ ಸಂದಿಯಿಂದ ಕೈ ತೂರಿಸಿ ಬೀಗ ತೆಗೆಯುತ್ತಿದ್ದರು.

ಅಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ, ಗೇಟಿಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು. ಸೈರನ್ ಅವಳ ತಲೆಯ ಮೇಲೆಯೇ ಅರಚುತ್ತಿತ್ತು. ಅವಳು ಒಂದು ಕಲ್ಲು ತೆಗೆದು ಪಕ್ಕಕ್ಕೆ ಹಾಕಿ, ಮೊರವನ್ನು ಮೆಲ್ಲಗೆ ಕುಲುಕಿದಳು.

ನಾನು ಹೆಗಲು ಮುಟ್ಟಿದ ಮೇಲೆಯೇ ಬೆಚ್ಚಿ ತಿರುಗಿದ್ದು. "ಅಯ್ಯೋ, ಯಾವಾಗ ಬಂದ್ಯೇ? ಯಾಕೆ ಎಲ್ರೂ ಹಿಂಗೆ ನೋಡ್ತಿದ್ದೀರ?"

ಅಪ್ಪ ಸ್ವಿಚ್ ಆರಿಸಿ ನೆಲದ ಮೇಲೆ ಕೂತುಬಿಟ್ಟರು. ಅಮ್ಮ ಗೋಡೆಯ ಸೈರನ್ ನೋಡಿದಳು, ಬಾಗಿಲಲ್ಲಿದ್ದ ಜನರನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿತ್ತಂತೆ. ಎದುರಿಗಿದ್ದವರ ತುಟಿ ನೋಡಿ ಹೇಗೋ ನಿಭಾಯಿಸುತ್ತಿದ್ದಳಂತೆ. ಕಿವುಡಿ ಎನ್ನಿಸಿಕೊಳ್ಳಲು ನಾಚಿಕೆ. ನಾವೋ, ಒಂದೇ ಸೂರಿನಡಿ ಇದ್ದುಕೊಂಡು, ಇವಳದ್ದು ಯಾವಾಗಲೂ ಪರಧ್ಯಾನ ಎಂದುಕೊಂಡಿದ್ದೆವು.

ಬೀದಿಯವರು ಹೋದ ಮೇಲೆ ಅವಳು ಆಡಿದ ಮೊದಲ ಮಾತು, "ಹಂಗಾದ್ರೆ ಅಕ್ಕ ಬಂದಿದ್ದು ನಿಜ."

ಈಗಲೇ ಹೋಗಿ ದೊಡ್ಡಮ್ಮನಿಗೆ ಹೇಳಿಬರುತ್ತೇನೆಂದು ನಾನು ಚಪ್ಪಲಿ ಮೆಟ್ಟಿದೆ. ಅಮ್ಮ ರಟ್ಟೆ ಹಿಡಿದು ನಿಲ್ಲಿಸಿದಳು. "ಬೇಡ. ತಂಗಿ ಅಂತ ಬಂದ್ರೆ ಬರ್ಲಿ. ಅಯ್ಯೋ ಪಾಪ, ಕಿವುಡಿ ಅಂತ ಮರುಗೋಕೆ ಬರೋದು ಬೇಡ. ಒಂದ್ಸಲ ಬಂದವ್ಳು ಇನ್ನೊಂದ್ಸಲ ಬಂದೇ ಬರ್ತಾಳೆ. ಬಂದಾಗ ನಂಗೆ ಗೊತ್ತಾಗ್ಬೇಕು, ಅಷ್ಟೇ." ಡಾಕ್ಟರು ಕೊಟ್ಟ ಕಿವಿಯ ಮಿಷನ್ ಬರೀ ಗೊರಗೊರ ಎನ್ನುತ್ತದೆಂದು ಬೀರು ಸೇರಿತು.

ಅಪ್ಪ ಎಲೆಕ್ಟ್ರಿಷಿಯನ್‌ನನ್ನು ಮತ್ತೆ ಕರೆಸಿದರು. ಸೈರನ್ ಬಿಚ್ಚಿಸಿ, ಅದೇ ಜಾಗದಲ್ಲಿ ಒಂದು ಬಲ್ಬು ಹಾಕಿಸಿದರು. ಗೇಟಿನ ದೀಪ ಹತ್ತಿದರೆ ಒಲೆಯ ಮುಂದಿನ ಈ ಬಲ್ಬೂ ಹತ್ತಬೇಕು. ಆದರೆ ಬೆಳಕಿರುವಾಗ ದೀಪ ಹತ್ತದಂತೆ ಆ ಸೆನ್ಸರಿಗೆ ಇನ್ನೊಂದು ಕಣ್ಣಿತ್ತು. ನೆಂಟರು ಬರುವುದು ಹಗಲಲ್ಲಿ. "ಹಗಲೊತ್ತು ಯಾರು ಸಾರ್ ಲೈಟ್ ಹಾಕ್ತಾರೆ?" ಎಂದು ಅವನು ನಕ್ಕ. ಅಪ್ಪ ನಗಲಿಲ್ಲ. ಅವನು ಸುಮ್ಮನೆ ಆ ಕಣ್ಣಿನ ಮೇಲೆ ಕಪ್ಪು ಟೇಪು ಅಂಟಿಸಿದ. ಅಂದಿನಿಂದ ಅದರ ಪಾಲಿಗೆ ಯಾವಾಗಲೂ ರಾತ್ರಿಯೇ.

ಬೆಕ್ಕು ಬಂದರೂ ಬಲ್ಬು ಹತ್ತುತ್ತಿತ್ತು. ಮುಸ್ಸಂಜೆ ದೀಪ ಹಾಕಿದಾಗ ಕೈಮುಗಿಯುವ ಅಭ್ಯಾಸ ಅಮ್ಮನಿಗೆ. ಈ ಬಲ್ಬಿಗೂ ಪ್ರತಿಸಲ ಕೈಮುಗಿದು, ಸೆರಗು ಸರಿಮಾಡಿಕೊಂಡು ಹೊರಗೆ ಓಡುತ್ತಿದ್ದಳು. ನೋಡಿದರೆ ಬೆಕ್ಕು, ಇಲ್ಲವೇ ಸೊಪ್ಪಿನವಳು, ಇಲ್ಲವೇ ಗಾಳಿಗೆ ಅಲುಗಿದ ದಾಸವಾಳದ ಕೊಂಬೆ. ಅವಳ ಮುಖ ಬಾಡುವುದನ್ನು ನೋಡಲಾರದೆ ನಾನು, "ಸೆನ್ಸರ್ ಸ್ವಲ್ಪ ಕಮ್ಮಿ ಮಾಡಿಸ್ತೀನಿ, ಬೆಕ್ಕುಗಿಕ್ಕಿಗೆಲ್ಲ ಹತ್ತಲ್ಲ" ಎಂದು ಅವಳೆದುರು ನಿಂತು ಹೇಳಿದೆ. "ಬೇಡ ಕಣೇ" ಎಂದಳು. "ಅಕ್ಕಂಗೀಗ ಮಂಡಿನೋವಂತೆ. ಮೆಲ್ಲಗೆ ನಡೀತಾಳೆ. ಹತ್ತದೆ ಹೋಗ್ಬುಟ್ರೆ?"

ಕರೆಂಟು ಹೋದರೆ ಬಲ್ಬು ಹತ್ತುವುದಿಲ್ಲವೆಂದು ಅವಳು ಗೇಟಿನ ಬೀಗ ತೆಗೆದು, ಮೊರ ಹಿಡಿದುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕರೆಂಟು ಬರುವವರೆಗೂ ಏಳುತ್ತಿರಲಿಲ್ಲ.

ಹೀಗೆ ಒಂದು ವರ್ಷವೇ ಕಳೆಯಿತು. ಒಂದು ದಿನ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರುವ ಕಡೆ ದೊಡ್ಡಮ್ಮ ಎದುರಾದರು. ನನ್ನನ್ನು ನೋಡಿ ಮುಖ ತಿರುಗಿಸಿದರು. ನನಗೆ ರೇಗಿಹೋಯಿತು. ಆಣೆಯಿಟ್ಟಂತೆ ಮುಚ್ಚಿಟ್ಟುಕೊಂಡಿದ್ದ ಮಾತು ಬಾಯಿಂದ ಬಂದೇಬಿಟ್ಟಿತು. "ಅಮ್ಮಂಗೆ ಕಿವಿ ಕೇಳ್ಸಲ್ಲ ದೊಡ್ಡಮ್ಮ. ಅವತ್ತೂ ಕೇಳ್ಸಿರ್ಲಿಲ್ಲ. ನೀವು ಬರ್ತೀರ ಅಂತ ಹಗಲೂ ರಾತ್ರಿ ದೀಪ ಹಾಕ್ಕೊಂಡು ಕಾಯ್ತಾವ್ಳೆ!"

ದೊಡ್ಡಮ್ಮ ಎಲೆಯ ಕಟ್ಟು ಹಿಡಿದು ಹಾಗೇ ನಿಂತರು. ಆಮೇಲೆ ಕಟ್ಟನ್ನು ಅಲ್ಲೇ ಇಟ್ಟು ಹೊರಟುಹೋದರು. ಎಲ್ಲ ಕೆಡಿಸಿಬಿಟ್ಟೆನಲ್ಲ ಎಂದು ಬಸ್ಸಿನಲ್ಲಿ ಅಳುತ್ತಲೇ ಬಂದೆ.

ಆ ಭಾನುವಾರ ಮಧ್ಯಾಹ್ನ ಕರೆಂಟು ಇರಲಿಲ್ಲ. ಅಮ್ಮ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು, ನಾನು ಒಳಗೆ ಕಿಟಕಿಯ ಹತ್ತಿರ ಓದುತ್ತಿದ್ದೆ. ಆಟೋ ನಿಂತ ಸದ್ದು ಕೇಳಿ ಹೊರಗೆ ನೋಡಿದೆ. ದೊಡ್ಡಮ್ಮ ಗೇಟಿನ ಆಚೆ ನಿಂತಿದ್ದರು. ಕೈಯಲ್ಲಿ ಬೆಳ್ಳಿಯ ಕುಂಕುಮದ ಭರಣಿ. ಅವರು ಕೂಗಲಿಲ್ಲ. ಅಮ್ಮ ತಲೆಯೆತ್ತುವವರೆಗೂ ಸುಮ್ಮನೆ ನಿಂತೇ ಇದ್ದರು.

ಅಮ್ಮ ಮೊರ ಕೆಳಗಿಟ್ಟು ಎದ್ದುಹೋದಳು. ಗೇಟಿನಲ್ಲಿ ಇಬ್ಬರೂ ಎದುರುಬದುರಾದರು.

"ಮೊಮ್ಮಗಳ ನಾಮಕರಣ. ಕರ್ಯೋಕೆ ಬಂದೆ" ಎಂದರು ದೊಡ್ಡಮ್ಮ.

ಅಮ್ಮ ಅವರ ತುಟಿಯನ್ನೇ ನೋಡುತ್ತಿದ್ದಳು. "ಅವತ್ತು ಕೂಗಿದ್ಯಾ ಅಕ್ಕ?"

"ಕೂಗ್ದೆ ಕಣೇ."

"ಏನಂತ ಕೂಗ್ದೆ?"

ದೊಡ್ಡಮ್ಮ ಅಮ್ಮನ ಗಲ್ಲ ಹಿಡಿದು ತಮ್ಮ ಮುಖದ ಕಡೆ ಎತ್ತಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "'ಮಗಳ ಮದ್ವೆ ಕಣೇ. ಮೊದಲನೇ ಕುಂಕುಮ ನಿಂಗೇ ಅಂತ ತಂದಿದ್ದೀನಿ. ಬಾಗ್ಲು ತೆಗಿ' ಅಂತ."

ಅಷ್ಟರಲ್ಲಿ ಕರೆಂಟು ಬಂತು. ಅವರಿಬ್ಬರ ತಲೆಯ ಮೇಲೆ, ಆ ಬಿಸಿಲಿನಲ್ಲಿ, ಗೇಟಿನ ದೀಪ ಹತ್ತಿಕೊಂಡಿತು. ಇಬ್ಬರೂ ಅದನ್ನು ನೋಡಲಿಲ್ಲ. ದೊಡ್ಡಮ್ಮ ಭರಣಿಯ ಮುಚ್ಚಳ ತೆಗೆಯುತ್ತಿದ್ದರು. ಅಮ್ಮ ಕಣ್ಣು ಮುಚ್ಚಿ ಹಣೆ ಮುಂದೆ ಮಾಡಿ ನಿಂತಿದ್ದಳು.