ದೊಡ್ಡಪ್ಪ ಎಣ್ಣೆ ಹಚ್ಚಿದ ಹಾಯಿದೋಣಿ

ಬಂಟ್ವಾಳದಲ್ಲಿ ನೇತ್ರಾವತಿಯ ದಡಕ್ಕೆ ತಾಗಿದಂತೆ ನನ್ನ ದೊಡ್ಡಮ್ಮನ ಮನೆ. ಮೂಡುಬಿದಿರೆಯಲ್ಲಿ ಓದುತ್ತಿದ್ದ ನಾನು ರಜೆ ಸಿಕ್ಕಿದ ಕೂಡಲೇ ಅಲ್ಲಿಗೆ ಬಸ್ಸು ಹತ್ತುತ್ತಿದ್ದೆ. ದೊಡ್ಡಮ್ಮನ ಮೇಲೆ ಪ್ರೀತಿಯೇನೋ ಇತ್ತು. ಅದಕ್ಕಿಂತ ಹೆಚ್ಚಿನ ಆಸೆ ಅವಳ ಹಾಯಿದೋಣಿಯ ಮೇಲಿತ್ತು.

ಸರಕು ಹೇರಿಕೊಂಡು ಮಂಗಳೂರಿಗೆ ಹೋಗುತ್ತಿದ್ದ ದೊಡ್ಡ ದೋಣಿಗಳ ಕಾಲ ಮುಗಿದ ಮೇಲೂ ಅಜ್ಜಿಯ ಮನೆಯಲ್ಲಿ ಉಳಿದುಕೊಂಡ ಸಣ್ಣ ದೋಣಿ ಅದು. ಅಜ್ಜಿಯ ನಂತರ ದೊಡ್ಡಮ್ಮನ ಪಾಲಿಗೆ ಬಂತು. ನದಿಯ ನಡುವಿನ ಕುದ್ರು ಎಂಬ ನಡುಗಡ್ಡೆಯಲ್ಲಿ ಅವರ ತೆಂಗಿನ ಮರಗಳಿದ್ದವು. ಬೆಳಿಗ್ಗೆ ಹರಿವಿನ ಜೊತೆ ಹುಟ್ಟು ಹಾಕುತ್ತಾ ಕುದ್ರುವಿಗೆ ಇಳಿಯುವುದು, ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಪಡುಗಾಳಿ ಎದ್ದಾಗ ಹಾಯಿ ಬಿಚ್ಚಿ ಮೇಲಕ್ಕೆ ಬರುವುದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಯಿಯ ಹಗ್ಗ ಹಿಡಿದು ಕೂತ ದೊಡ್ಡಮ್ಮ ಆಗ ಹಾಯಿಯ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಾನು ತೆಂಗಿನಕಾಯಿಗಳ ನಡುವೆ ಅಲುಗಾಡದೆ ಕೂತಿರುತ್ತಿದ್ದೆ.

ದೊಡ್ಡಪ್ಪ ವೇಣೂರಿನವರು. ಫಲ್ಗುಣಿಯ ದಡದಲ್ಲೇ ಹುಟ್ಟಿ ಬೆಳೆದರೂ ನೀರೆಂದರೆ ಅವರಿಗೆ ಜೀವಭಯ. ಆ ದೋಣಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಆದರೆ ವರ್ಷಕ್ಕೊಮ್ಮೆ, ಮಳೆ ನಿಂತು ನೀರು ತಿಳಿಯಾಗುವ ಹೊತ್ತಿಗೆ, ಅದನ್ನು ಅಂಗಳಕ್ಕೆ ತರಿಸಿ ಕವುಚಿ ಹಾಕಿ, ತಳವನ್ನು ಉಜ್ಜಿ ಉಜ್ಜಿ ಗೇರೆಣ್ಣೆ ಹಚ್ಚುವವರು ಅವರೇ. ಗೇರುಬೀಜದ ಸಿಪ್ಪೆಯ ಆ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು ಮೂರು ದಿನ ಅದೇ ಕೆಲಸ.

"ಒಂದು ಸಲ ಕೂತು ನೋಡಿ ಮಾರಾಯ್ರೆ" ಎಂದು ದೊಡ್ಡಮ್ಮ ಕರೆದರೆ, "ನೀರಿಗೆ ಹೋಗುವವಳು ನೀನು. ಮುಳುಗದ ಹಾಗೆ ನೋಡ್ಲಿಕ್ಕೆ ಯಾರಾದರೂ ದಡದಲ್ಲಿ ಬೇಕಲ್ಲ" ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ದೋಣಿ ಇಳಿಸಲಿಲ್ಲ. ಅದು ಕೊಟ್ಟಿಗೆ ಸೇರಿತು. ಅದರ ಮೇಲೆ ಸೌದೆ, ಹಳೆಯ ಹಂಚು, ಹರಿದ ಗೋಣಿ ಬಿದ್ದವು. ನಾನು ಮಿಜಾರಿನಲ್ಲಿ ಅಧ್ಯಾಪಕಿಯಾಗಿ ನನ್ನ ಸಂಸಾರದಲ್ಲಿ ಮುಳುಗಿದೆ.

ಎರಡು ವರ್ಷದ ಹಿಂದೆ ಹೋಂಸ್ಟೇ ನಡೆಸುವವರೊಬ್ಬರು ದೋಣಿಯನ್ನು ಕೇಳಿಕೊಂಡು ಬಂದರು. ಗೇಟಿನ ಎದುರು ಇಟ್ಟು, ಒಳಗೆ ಮಣ್ಣು ತುಂಬಿಸಿ ಹೂವಿನ ಗಿಡ ನೆಡುತ್ತಾರಂತೆ. ಕೊಟ್ಟುಬಿಡುವುದೇ ಒಳ್ಳೆಯದೆಂದು ನಾನೂ ಹೇಳಿದೆ. ದೊಡ್ಡಮ್ಮ ನನ್ನನ್ನು ದುರುಗುಟ್ಟಿ ನೋಡಿದಳು.

"ಅದನ್ನು ಹೂವಿನ ಚಟ್ಟಿ ಮಾಡ್ಲಿಕ್ಕಾ? ಆಗ್ಲಿಕ್ಕಿಲ್ಲ. ರಿಪೇರಿ ಮಾಡಿಸುವ."

ಪಾಣೆಮಂಗಳೂರಿನಿಂದ ದೋಣಿಕೆಲಸ ಬಲ್ಲ ಬ್ಯಾರಿಯೊಬ್ಬರು ಬಂದರು. ಮೇಲಿನ ಎರಡು ಹಲಗೆಗಳು ಗೆದ್ದಲಿಗೆ ಹೋಗಿದ್ದವು, ಹಾಯಿಕಂಬ ಸೀಳಿತ್ತು. ಅವರು ದೋಣಿ ಕವುಚಿ ತಳವನ್ನು ಉಳಿಯಿಂದ ಮೆಲ್ಲಗೆ ಕೆರೆದು, ಬೆರಳಿನಿಂದ ತಟ್ಟಿ ನೋಡಿದರು.

"ಅಕ್ಕಾ, ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು? ತಳ ಕಲ್ಲಿನ ಹಾಗೆ ಉಂಟು. ಇಷ್ಟು ವರ್ಷ ಸುಮ್ಮನೆ ಬಿದ್ದರೂ ಏನೂ ಆಗ್ಲಿಲ್ಲ."

"ನಮ್ಮವರು" ಎಂದಷ್ಟೇ ಹೇಳಿ ದೊಡ್ಡಮ್ಮ ಚಹಾ ತರುತ್ತೇನೆಂದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಚಹಾ ಮಾಡಿ ತಂದವಳು ನಾನು.

ಹೆಬ್ಬಲಸಿನ ಹೊಸ ಹಲಗೆ ಕೂರಿಸಿ, ಹಾಯಿಕಂಬ ಬದಲಿಸಿ, ಸಂದುಗಳಿಗೆ ಹತ್ತಿ ತುಂಬಿ ಮುಗಿಸಲು ತಿಂಗಳು ಹಿಡಿಯಿತು. ಹಳೆಯ ಹಾಯಿಯನ್ನು ಇಲಿಗಳು ತಿಂದಿದ್ದವು. ಟಾರ್ಪಾಲು ಸಾಕಲ್ಲ ಎಂದೆ. ಅದು ಗಾಳಿಗೆ ಬರೀ ಸದ್ದು ಮಾಡುತ್ತದೆಂದು ದೊಡ್ಡಮ್ಮ ಒಪ್ಪಲಿಲ್ಲ. ಮೂಡುಬಿದಿರೆಯಿಂದ ದಪ್ಪ ಹತ್ತಿಬಟ್ಟೆ ತಂದೆ. ಅಳತೆ ಎಷ್ಟೆಂದು ಕೇಳಿದರೆ ಅವಳಿಗೆ ಹೇಳಲು ಬರಲಿಲ್ಲ. ಬಟ್ಟೆಯನ್ನು ಅಂಗಳದಲ್ಲಿ ಹರಡಿ, ಸುತ್ತ ನಡೆದು, ಅಲ್ಲಲ್ಲಿ ಕಲ್ಲಿಟ್ಟು, "ಇಲ್ಲಿಂದ ಇಲ್ಲಿಗೆ ಕತ್ತರಿಸು" ಎಂದಳು. ನಾಲ್ಕು ಭಾನುವಾರ ನಾವಿಬ್ಬರೂ ಎದುರುಬದುರು ಕೂತು ಹೊಲಿದೆವು. ಅವಳು ತನ್ನ ಮದುವೆಯ ಕಥೆಗಳನ್ನು ಹೇಳಿದ್ದು ಆ ದಿನಗಳಲ್ಲಿಯೇ.

ದೋಣಿ ನೀರಿಗಿಳಿದ ಮರುದಿನ ಬೆಳಿಗ್ಗೆ ಓಡಿಹೋಗಿ ನೋಡಿದರೆ, ಅಂಚೊಂದು ಬಿಟ್ಟು ಇಡೀ ದೋಣಿ ನೀರಿನಡಿಯಲ್ಲಿತ್ತು. ನಾನು ಕಿರುಚಿದೆ. ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಳು.

"ನಾವೇ ಮುಳುಗಿಸಿದ್ದು ಮಾರಾಯ್ತಿ! ಒಣಗಿದ ಮರ ಅಲ್ವಾ, ನೀರು ಕುಡಿದು ಉಬ್ಬಬೇಕು. ಮತ್ತೆ ಸಂದು ತಾನೇ ಮುಚ್ತದೆ."

ವಾರ ಕಳೆದು ನೀರು ಮೊಗೆದು ತೆಗೆದಾಗ ಒಂದು ಹನಿಯೂ ಒಳಗೆ ಜಿನುಗಲಿಲ್ಲ.

ಮೊದಲ ಸಲ ಹೊರಟಾಗ ಬ್ಯಾರಿಯವರೂ ಜೊತೆಗಿದ್ದರು. ಕುದ್ರುವಿನ ಬಳಿ ಪಡುಗಾಳಿ ಎದ್ದು ಹಾಯಿ ತುಂಬಿತು. ದೊಡ್ಡಮ್ಮ ಹಗ್ಗ ಹಿಡಿದಳು. ಸ್ವಲ್ಪ ದೂರ ಬಂದ ಮೇಲೆ ಪಕ್ಕಕ್ಕೆ ಸರಿದು ಕೂತಳು. "ನೀನು ಹಿಡಿ" ಎಂದು ಹಗ್ಗವನ್ನು ನನಗೆ ಕೊಟ್ಟಳು. ಹಗ್ಗ ಎಳೆಯುವ ಆ ಜೋರಿಗೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. "ಬಿಗಿ ಹಿಡೀಬೇಡ, ಬಿಡಲೂ ಬೇಡ" ಎಂದು ಪಕ್ಕದಲ್ಲೇ ಹೇಳುತ್ತಾ ಬಂದಳು. ಪಾಣೆಮಂಗಳೂರಿನ ಸೇತುವೆ ಕಾಣುವ ಹೊತ್ತಿಗೆ ಗಾಳಿ ಬಿದ್ದುಹೋಯಿತು. ಉಳಿದ ದಾರಿ ಹುಟ್ಟು ಹಾಕಿಯೇ ಮನೆ ಸೇರಿದೆವು.

ಈಗ ಮೊಣಕಾಲು ನೋವಿನಿಂದ ದೊಡ್ಡಮ್ಮ ದೋಣಿ ಹತ್ತುವುದಿಲ್ಲ. ಮಳೆ ನಿಂತ ಮೇಲೆ ಎಣ್ಣೆ ಹಚ್ಚಲು ನಾನು ಹೋಗುತ್ತೇನೆ. ಅವಳು ಕುರ್ಚಿ ಹಾಕಿಸಿಕೊಂಡು ಕೂತು, ಹಚ್ಚದೆ ಬಿಟ್ಟ ಜಾಗಗಳನ್ನು ಕೋಲಿನಿಂದ ತೋರಿಸುತ್ತಾಳೆ. ಕಳೆದ ಸಲ ಒಂದೇ ಹಲಗೆಗೆ ಮೂರು ಬಾರಿ ಹಚ್ಚಿಸಿದಳು.