ಗಾಜಿನ ಆಚೆಯ ಕಂಬಳಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅದೂ ಬಿ.ಎಸ್ಸಿ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಮಾಡಗ್ಯಾಳದ ಕುರಿ ಕಾಯುವವರ ಮನೆಯಿಂದ ಜತ್ತದ ಕಾಲೇಜಿಗೆ ಎರಡೂ ಹೊತ್ತು ಬಸ್ಸಿನಲ್ಲಿ ನಿಂತು ಓಡಾಡಿ ಗಳಿಸಿದ್ದು. ಹಾಗಾಗಿ ಯಾರಾದರೂ ಮೈಮೇಲೆ ದೇವರು ಬಂತು ಎಂದರೆ ಮೊದಲು ರಕ್ತ ತಪಾಸಣೆ ಮಾಡಿಸಿ ಎನ್ನುತ್ತಿದ್ದೆ. ಸತ್ತವರು ಬಂದು ಮಾತಾಡಿಸಿದರು ಎಂದರೆ ರಾತ್ರಿ ಏನು ಉಂಡಿದ್ದಿರಿ ಎಂದು ಕೇಳುತ್ತಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ ಇದ್ದೇನೆ. ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ದೀಪಾವಳಿ ಸೂಟಿಯಲ್ಲಿ ಮಕ್ಕಳಿಗೆ ಮ್ಯೂಸಿಯಂ ತೋರಿಸೋಣ ಎಂದವಳು ನಾನೇ. ಮಗ ಓಂಕಾರನಿಗೆ ಆಗ ಏಳು, ಮಗಳು ಚಿನ್ನುವಿಗೆ ನಾಲ್ಕು. ರಾಜ್ಯದ ಗಡಿ ದಾಟಿ ಎರಡು ತಾಸು ಹೋದರೆ ಒಂದೂರಿನಲ್ಲಿ ಹಳೆಯ ಕಲ್ಲುಗಳನ್ನೂ ಹಳ್ಳಿಯ ಬದುಕಿನ ಸಾಮಾನುಗಳನ್ನೂ ಇಟ್ಟಿದ್ದಾರೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಕಾವಲುಗಾರ ಬಡವ, ಅವನಿಗೆ ತೊಂದರೆ ಆಗಬಾರದು. ಯಜಮಾನರು ಕಾರು ತೆಗೆದರು. ಅವ್ವನನ್ನೂ ಕರೆದುಕೊಂಡೆವು. ಅದೇ ನಾನು ಮಾಡಿದ ತಪ್ಪು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಅಲ್ಲಿ ಹಳೇ ದೇವರ ಕಲ್ಲುಗಳಿವೆ ಎಂದು ಬಾಯಿತಪ್ಪಿ ಹೇಳಿದ್ದೆ. ಅವ್ವ ಚೀಲದಲ್ಲಿ ತೆಂಗಿನಕಾಯಿ, ಭಂಡಾರದ ಅರಿಶಿನಪುಡಿ ಹಾಕಿಕೊಂಡೇ ಬಂದಿದ್ದಳು. ಹೊರಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಅವಳನ್ನು ನೋಡಿ ಮಕ್ಕಳೂ ಬಿಟ್ಟರು.

"ಅವ್ವಾ, ಇದು ಗುಡಿ ಅಲ್ಲ. ಚಪ್ಪಲಿ ಹಾಕ್ಕೋ."

"ದೇವರ ಅದಾವು ಅಂದಿ. ದೇವರಿದ್ದದ್ದು ಗುಡಿ ಅಲ್ಲದ ಸಂತಿ ಆಗತೈತೇನು?"

ಒಳಗೆ ಹೋದ ಮೇಲಿನ ಕಥೆ ಮಕ್ಕಳಿದ್ದವರಿಗೆ ಹೇಳಬೇಕಾಗಿಲ್ಲ. ಚಿನ್ನುವಿಗೆ ಮೂರು ಸಲ ಒಂದಕ್ಕೆ ಬಂತು. ಓಂಕಾರ ಪ್ರತಿ ಗಾಜಿಗೂ ಮೂಗು ಒತ್ತಿ ಉಸಿರು ಬಿಟ್ಟು ಹೆಸರು ಬರೆದ. ಯಜಮಾನರು ದಾಳಿಂಬೆ ಗಿಡಕ್ಕೆ ಔಷಧ ಹೊಡೆಯುವವನ ಜೊತೆ ಫೋನಿನಲ್ಲೇ ಇದ್ದರು. ತಾಮ್ರಪಟದ ಮುಂದೆ ನಿಂತು ನಾನು ಒಬ್ಬಳೇ, ಗೋಡೆಗೆ ಪಾಠ ಹೇಳುವ ಹಾಗೆ ವಿವರಿಸುತ್ತಿದ್ದೆ.

ಕೊನೆಯ ಕೋಣೆಯಲ್ಲಿ ಗಾಜಿನ ಆಚೆ ಒಬ್ಬ ಕುರುಬನ ಗೊಂಬೆ. ಆಳೆತ್ತರ, ಕೈಯಲ್ಲಿ ಕೋಲು, ಕಾಲ ಹತ್ತಿರ ಎರಡು ಮಣ್ಣಿನ ಕುರಿ, ಹೆಗಲ ಮೇಲೆ ಕರಿ ಕಂಬಳಿ. ಯಜಮಾನರು ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ನಮ್ಮ ಕಂಬಳಿ ಮ್ಯೂಸಿಯಂ ಸೇರಿತು ನೋಡು ಎಂದು ಅವ್ವನ ಕಡೆ ತಿರುಗಿದರೆ ಅವಳ ಮುಖ ಬಿಗಿದಿತ್ತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕಂಬಳಿಯ ಒಂದು ತುದಿಗೆ ಬಿಳಿ ಗೆರೆ ನೇಯಿಸುತ್ತಾರೆ. ಬದುಕಿದ್ದವರು ಹೊದ್ದರೆ ಆ ಗೆರೆ ತಲೆಯ ಕಡೆ ಬರಬೇಕು. ಹೆಣಕ್ಕೆ ಹೊದಿಸುವಾಗ ಮಾತ್ರ ಕಾಲ ಕಡೆ. ಅಲ್ಲಿ ಗೆರೆ ಕೆಳಗಿತ್ತು.

"ನಿಂತ ಮನಷ್ಯಾಗ ಹಿಂಗ ಹೊಚ್ಚತಾರೇನು?" ಅವ್ವ ಕಾವಲುಗಾರನನ್ನು ಕೂಗಿದಳು. "ಏ ತಮ್ಮಾ, ಇದನ್ನ ತಿರುವಿ ಹಾಕು."

"ಅಜ್ಜಿ, ಅದು ಗೊಂಬಿ ಐತ್ರಿ. ಚಾವಿ ಸಾಹೇಬರ ಕಡೆ. ಅವರು ಬಂದು ತಿಂಗಳಾತು."

"ಗೊಂಬಿ ಆದ್ರ ಕೈಯಾಗ ಕೋಲು ಯಾಕ ಕೊಟ್ಟೀರಿ?"

ನಾನು ಅವಳ ಕೈ ಹಿಡಿದು ಎಳೆದೆ. ನನಗೆ ನಾಚಿಕೆ ಆಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು. ಆ ಸಿಟ್ಟು ಆ ದಿನದ್ದಲ್ಲ. ನನ್ನ ಡಿಗ್ರಿಯ ಕೊನೆಯ ಪರೀಕ್ಷೆಗೆಂದು ನಾನು ಜತ್ತದಲ್ಲೇ ಗೆಳತಿಯ ಕೋಣೆಯಲ್ಲಿ ಉಳಿದಿದ್ದಾಗ ಅಪ್ಪ ಕೃಷ್ಣೆಯ ಆಚೆ ಕುರಿಹಟ್ಟಿಯಲ್ಲಿ ಮೂರು ದಿನ ಜ್ವರ ಬಂದು ತೀರಿಕೊಂಡ. ಜ್ವರದ ಸುದ್ದಿ ಕೇಳಿ ಅಲ್ಲಿಗೆ ಹೋಗಿದ್ದ ಅವ್ವ ಮಣ್ಣು ಮಾಡಿ ಬಂದಳು. ನನಗೆ ಹೇಳಿದ್ದು ಕೊನೆಯ ಪೇಪರ್ ಬರೆದು ಮನೆಗೆ ಬಂದ ಸಂಜೆ. "ಆಕಿಗೆ ಹೇಳಬ್ಯಾಡ, ಪರೀಕ್ಷಾ ಮುಗೀಲಿ ಅಂತ ನಿಮ್ಮಪ್ಪನ ಅಂದ," ಎಂದಳು. ನಾನು ನಂಬಲಿಲ್ಲ. ನನ್ನ ಮುಖ ನೋಡದೆ ಸಾಯುತ್ತೇನೆಂದು ಅಪ್ಪ ಹೇಳುವವನಲ್ಲ. ನಾನು ವರ್ಷ ಕೆಡಿಸಿಕೊಂಡೇನು ಎಂದು ಅವ್ವನೇ ಕಟ್ಟಿದ ಮಾತು ಎಂದು ತೀರ್ಮಾನಿಸಿದೆ. ಹದಿನಾಲ್ಕು ವರ್ಷ ನಾವಿಬ್ಬರೂ ಆ ಮಾತು ಮತ್ತೆ ಎತ್ತಿರಲಿಲ್ಲ.

ಅವ್ವ ಕೈ ಬಿಡಿಸಿಕೊಂಡು ಪಕ್ಕದ ಕೋಣೆಗೆ ಹೋದಳು. ಎರಡು ನಿಮಿಷದಲ್ಲಿ ಕಾವಲುಗಾರನ ಗದ್ದಲ. ಅವಳು ಅಲ್ಲಿಯ ಕಲ್ಲಿಗೆ ಭಂಡಾರ ಹಚ್ಚಿ, ಕಾಯಿ ಒಡೆಯಲು ಜಾಗ ಹುಡುಕುತ್ತಿದ್ದಳು. ನಾವೆಲ್ಲ ಅಲ್ಲಿಗೆ ಓಡಿದೆವು. ನಾನು ಸೆರಗಿನಿಂದ ದೇವರ ಹಣೆ ಒರೆಸುತ್ತಿದ್ದೆ, ಯಜಮಾನರು ಕಾವಲುಗಾರನಿಗೆ ಕೈ ಮುಗಿಯುತ್ತಿದ್ದರು, ಓಂಕಾರ ನಗುತ್ತಿದ್ದ. ಐದು ನಿಮಿಷ ಆಗಿರಬಹುದು, ಹೆಚ್ಚಿಲ್ಲ. ಆಗ ಚಿನ್ನು ಇಲ್ಲದ್ದು ಗೊತ್ತಾಯಿತು.

ಅವಳು ಗೊಂಬೆಯ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಎತ್ತಿಕೊಳ್ಳಲು ಬಗ್ಗಿದವಳು ಗಾಜಿನ ಕಡೆ ನೋಡಿದೆ. ಕಂಬಳಿಯ ಬಿಳಿ ಗೆರೆ ಮೇಲೆ ಬಂದಿತ್ತು. ಹೆಗಲ ಮೇಲಿದ್ದದ್ದು ಈಗ ತಲೆಯ ಮೇಲೆ ಕೊಪ್ಪೆಯಾಗಿತ್ತು. ಕೊಪ್ಪೆಯ ತುದಿಯನ್ನು ಎಡಗಿವಿಯ ಕೆಳಗೆ ತುರುಕಲಾಗಿತ್ತು. ಎಲ್ಲರೂ ಬಲಕ್ಕೆ ತುರುಕುತ್ತಾರೆ. ಅಪ್ಪನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಅದಕ್ಕೆ ಅವನೊಬ್ಬ ಎಡಕ್ಕೆ ತುರುಕುತ್ತಿದ್ದ.

ಕಾವಲುಗಾರ ಮೊದಲು ನಮ್ಮ ಮೇಲೆ ಹರಿಹಾಯ್ದ. ಆಮೇಲೆ ಗಾಜಿನ ಒಳಗೆ ಹೋಗುವ ಪಕ್ಕದ ಸಣ್ಣ ಬಾಗಿಲಿನ ಬೀಗ ಎಳೆದು ನೋಡಿದ. ಬೀಗದ ಮೇಲೆ ಅಂಟಿಸಿದ ಸಹಿಯ ಕಾಗದ ಹರಿದಿರಲಿಲ್ಲ. ಆ ದಿನ ಒಳಗಿದ್ದ ನೌಕರ ಅವನೊಬ್ಬನೇ, ಅವನು ನಮ್ಮ ಜೊತೆಗೇ ಇದ್ದ. ಅವನ ದನಿ ಇಳಿಯಿತು.

"ಚಿನ್ನು, ಒಳಗ ಯಾರ ಹೋಗಿದ್ರು?" ನಾನು ಕೇಳಿದೆ.

"ಯಾರೂ ಇಲ್ಲ. ಅಜ್ಜಾ ತಾನ ಹೊಚ್ಕೊಂಡ."

"ಯಾವ ಅಜ್ಜಾ? ಸುಳ್ಳ ಹೇಳಿದ್ರ ನೋಡು."

"ಈ ಅಜ್ಜಾ. ಆಕಿ ಪರೀಕ್ಷಾ ಮುಗದಾವೇನು ಅಂತ ಕೇಳಿದ."

"ಯಾರ ಪರೀಕ್ಷಾ?"

"ಗೊತ್ತಿಲ್ಲ. ಆಕಿ ಅಂತ ಅಂದ. ನಾ ಮುಗದಾವು ಅಂದ್ನಿ. ಆಮ್ಯಾಗ ಹೊಚ್ಕೊಂಡ. ಅವ್ವಾ, ನನಗ ಒಂದಕ್ಕ ಬಂದೈತಿ."

ಅವ್ವ ಗಾಜಿನ ಕಡೆ ಕೈ ಮುಗಿದಳು. ಅಳಲಿಲ್ಲ. ಸೆರಗು ತಲೆಗೆ ಎಳೆದುಕೊಂಡು, "ಆತು, ನಡೀರಿ. ಕತ್ತಲಾದ್ರ ಕೂಸುಗೋಳು ಹಸೀತಾವು," ಎಂದಳು.

ಕಾರಿನಲ್ಲಿ ನಾನು ಅವಳ ಮೇಲೇ ತಿರುಗಿದೆ. ಮಗುವಿಗೆ ಆ ಕಥೆ ಹೇಳಿಕೊಟ್ಟೆಯಾ ಎಂದು ಕೇಳಿದೆ.

"ನಾಕ ವರ್ಷದ ಕೂಸಿಗೆ ಸಾವಿನ ಮಾತ ಹೇಳ್ತೀನೇನು? ನಿನಗ ಹೇಳಿದ್ದನ್ನ ನೀ ನಂಬಲಿಲ್ಲ."

ಮುಂದೆ ಕುಳಿತ ಓಂಕಾರ ಐಸ್‌ಕ್ರೀಮಿಗೆ ಹಟ ಹಿಡಿದಿದ್ದ, ಯಜಮಾನರ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು.

ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಕಂಬಳಿ ಜಾರಿರಬಹುದು ಎಂದರೆ, ಜಾರಿದ ಕಂಬಳಿ ಕೆಳಗೆ ಬೀಳುತ್ತದೆ, ತಲೆಗೆ ಏರಿ ಕೊಪ್ಪೆಯಾಗುವುದಿಲ್ಲ. ನನ್ನ ಕಣ್ಣೇ ತಪ್ಪಿತು ಎನ್ನೋಣವೆಂದರೆ ಯಜಮಾನರು ಮೊದಲು ತೆಗೆದ ಫೋಟೋ ಇದೆ: ಮಕ್ಕಳ ಹಿಂದೆ ಗೊಂಬೆ, ತಲೆ ಬರಿದು, ಬಿಳಿ ಗೆರೆ ಕಾಲ ಹತ್ತಿರ. ಹೊರಡುವ ಮೊದಲು ನಾನೇ ತೆಗೆದದ್ದೂ ಇದೆ. ಯಾರೋ ಸರಿಮಾಡಿ ಹೋಗಿರಬೇಕು ಬಿಡು ಎನ್ನುತ್ತಾರೆ ಯಜಮಾನರು. ಯಾರು, ಹೇಗೆ ಎಂದರೆ ಎದ್ದು ತೋಟಕ್ಕೆ ಹೋಗುತ್ತಾರೆ. ಚಿನ್ನು ಈಗ ಸಾಲೆಗೆ ಹೋಗುತ್ತಾಳೆ. ಕೇಳಿದರೆ ಅಲ್ಲಿಯ ಮಣ್ಣಿನ ಕುರಿ ಮಾತ್ರ ನೆನಪಿದೆ ಎನ್ನುತ್ತಾಳೆ.

ಓದುಗರು ನಂಬಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನನಗೆ ಇನ್ನೂ ರೇಗುವುದು ಒಂದೇ ಮಾತಿಗೆ. ಹದಿನಾಲ್ಕು ವರ್ಷ ಪುರಾವೆ ಇಲ್ಲವೆಂದು ಅವ್ವನ ಮಾತನ್ನು ಹೊರಗೆ ನಿಲ್ಲಿಸಿದವಳು ನಾನು. ಪುರಾವೆ ಈಗಲೂ ಇಲ್ಲ. ಆದರೂ ಅವತ್ತು ಜತ್ತದ ನಾಕಾ ಮುಟ್ಟುವಷ್ಟರಲ್ಲಿ ಅವಳನ್ನು ನಂಬಿಬಿಟ್ಟಿದ್ದೆ.