ಕರಿ ರೇಷ್ಮೆಯ ಚೌಕ

ಜಡ್ಜ್ ಕ್ರಾಡಕ್ ಸಾಹೇಬರದು ಬಾಗದ ಕತ್ತು ಎಂದು ನಿಕೋಸಿಯಾದ ಜನ ಹೇಳುತ್ತಿದ್ದರು. ಅದರಲ್ಲಿ ಅರ್ಧ, ಅವರ ಮನೆಯ ಅಗಸಗಿತ್ತಿ ರೊಡೂ ಕೊರಳಪಟ್ಟಿಗೆ ಹಾಕಿದ ಗಂಜಿಯದು. ಗ್ಯಾಂಬಿಯಾ, ಟ್ರಿನಿಡಾಡ್‌ಗಳಲ್ಲಿ ನ್ಯಾಯ ಹೇಳಿ ಸೈಪ್ರಸ್‌ಗೆ ಬಂದಿದ್ದ ಅವರ ಕೊರಳಪಟ್ಟಿಗಳನ್ನು ಒಗೆದು, ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ತೀಡುತ್ತ ಅವಳು ಒಂಬತ್ತು ವರ್ಷ ಕಳೆದಿದ್ದಳು. ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು ಆ ಹಿತ್ತಲಿಗೆ ಬಂದವಳ ಅಂಗೈ ಗೆರೆಗಳೂ ಸೋಪಿಗೆ ಸವೆದಿದ್ದವು.

ಎಂದಾದರೊಮ್ಮೆ ಕರಿ ರೇಷ್ಮೆಯ ಚೌಕವೊಂದು ಇಸ್ತ್ರಿಗೆ ಬರುತ್ತಿತ್ತು. ಗಲ್ಲು ವಿಧಿಸುವಾಗ ಸಾಹೇಬರು ಅದನ್ನು ತಲೆಯ ಮೇಲಿಟ್ಟುಕೊಳ್ಳುತ್ತಿದ್ದರು. ನಾಲ್ಕು ಸಲ ತೀಡಿದ್ದಳು. ಯಾರಿಗೆ ಎಂದು ಕೇಳಿರಲಿಲ್ಲ.

ಈಗ ಕಟಕಟೆಯಲ್ಲಿದ್ದವಳು ಅವಳ ತಂಗಿ ಮಿಲ್ಯಾ. ಮಗಳ ಮೇಲೆ ಕೈಹಾಕಿದ ಗಂಡನಿಗೆ ಒಲೆಯ ಕಟ್ಟಿಗೆಯಿಂದ ಬಾರಿಸಿದ್ದಳು. ಅವನು ಮತ್ತೆ ಏಳಲಿಲ್ಲ. ಅವಳ ವಕೀಲರು ಇವತ್ತು ಮಾತಾಡಬೇಕಿತ್ತು. ಬೆಳಿಗ್ಗೆಯೇ ಸಾಹೇಬರ ಹೆಂಡತಿ ಆ ಚೌಕವನ್ನು ತಂದು ಇಸ್ತ್ರಿ ಮೇಜಿನ ಮೇಲಿಟ್ಟರು.

"ಅಮ್ಮಾವ್ರೆ, ವಾದಾನೇ ಮುಗಿದಿಲ್ಲವಲ್ಲ. ನೀವೊಂದು ಮಾತು ಹೇಳಿ."

"ನನ್ನ ಮಾತು ಅಡುಗೆಮನೆ ದಾಟಲ್ಲ ಕಣೇ. ಗ್ಯಾಂಬಿಯಾದಲ್ಲಿ ಮಗು ಸತ್ತ ದಿನವೂ ಕೋರ್ಟಿಗೆ ಹೋಗಿದ್ದ ಮನುಷ್ಯ."

ಹೆಗಲ ಮೇಲೆ ಪೂಜೆಯ ಪಟ್ಟಿಬಟ್ಟೆ ಇಲ್ಲದೆ ಪಾದ್ರಿ ಮದುವೆ ಮಾಡಿಸುವಂತಿಲ್ಲ. ಹಾಗಾದರೆ ಈ ಬಟ್ಟೆಯಿಲ್ಲದೆ ಗಲ್ಲು ಹೇಗೆ? ರೊಡೂ ಕೆಂಡ ಊದಿ, ಪೆಟ್ಟಿಗೆಯನ್ನು ರೇಷ್ಮೆಯ ಮೇಲಿಟ್ಟು ಕೈಬಿಟ್ಟಳು.

ಸುಟ್ಟ ವಾಸನೆಗೆ ಅಮ್ಮಾವ್ರು ಓಡಿಬಂದರು. ಸತ್ತ ಮಗುವಿನ ಶೋಕಕ್ಕೆ ಉಟ್ಟಿದ್ದ ಕರಿ ಲಂಗವನ್ನು ಟ್ರಂಕಿನಿಂದ ತೆಗೆದು ಒಂದು ಚೌಕ ಕತ್ತರಿಸಿ, ಅಂಚು ಹೊಲಿಯಲು ಕೂತರು.

"ಬಟ್ಟೆ ಇಲ್ಲದಿದ್ರೆ ಬರೀ ತಲೆಯಲ್ಲೇ ಗಲ್ಲು ಹೇಳ್ತಾರೆ ರೊಡೂ. ಒಮ್ಮೆ ಹೇಳಿದ್ದಾರೆ. ತೊಗೋ, ತೀಡು."

ಅಮ್ಮಾವ್ರು ದಾರ ಕಡಿದು ಚೌಕವನ್ನು ಅವಳತ್ತ ಚಾಚಿದರು. ರೊಡೂ ಏಪ್ರನ್ ಬಿಚ್ಚಿ ಮೇಜಿನ ಮೇಲೆಸೆದು ಹೊರಟಳು.

ಒಂಬತ್ತು ವರ್ಷದಲ್ಲಿ ಅವಳು ಕೋರ್ಟಿನ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ವಕೀಲರು ಒಂದು ಗಂಟೆ ಮಾತಾಡಿದರು. ಸಾಹೇಬರು ಗಮನವಿಟ್ಟು ಕೇಳಿದಂತಿತ್ತು. ಆಮೇಲೆ ತಲೆಯ ಮೇಲೆ ಕರಿ ಚೌಕ ಬಂತು. ತೀಡಲು ಬಾರದ ಕೈ ತೀಡಿದ್ದು, ತುಂಬ ಸುಕ್ಕು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಿದರು.

ದುಭಾಷಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮಿಲ್ಯಾ ಕಟಕಟೆಯಿಂದ ತಿರುಗಿ, ಜನರ ನಡುವೆ ಅಕ್ಕನನ್ನು ಹುಡುಕಿದಳು.

"ಏನಂದ್ರಕ್ಕಾ?"